ಕಟರ್ ಬ್ಲೇಡ್ ಮೊಂಡಾದರೆ ಮಸೆಯಬೇಕೇ, ಬದಲಿಸಬೇಕೇ?

ಫ್ಲೆಕ್ಸ್ ಅಂಗಡಿಯವರನ್ನು ಕೇಳಿದರೆ "ಕಟರ್ ಬ್ಲೇಡನ್ನ ಯಾರು ಸಾರ್ ಮಸೀತಾರೆ? ಮುರಿದು ಬಿಸಾಕಿ" ಅನ್ನುತ್ತಾರೆ. ಬಡಗಿಯನ್ನು ಕೇಳಿದರೆ "ಕಲ್ಲಿನ ಮೇಲೆ ನಾಲ್ಕು ಸಲ ಎಳೀರಿ, ಇನ್ನೊಂದು ವಾರ ಬರುತ್ತೆ" ಅನ್ನುತ್ತಾರೆ. ಇಬ್ಬರ ಮಾತೂ ಅವರವರ ಕೆಲಸಕ್ಕೆ ಸರಿ. ತೊಂದರೆ ಬರುವುದು ನಮ್ಮಂಥವರಿಗೆ. ಮನೆಯಲ್ಲಿ ರಟ್ಟಿನ ಪೆಟ್ಟಿಗೆ ಬಿಚ್ಚುವುದಕ್ಕೂ ಅದೇ ಕಟರ್, ಮಕ್ಕಳ ಪ್ರಾಜೆಕ್ಟಿಗೆ ಥರ್ಮಾಕೋಲ್ ಕತ್ತರಿಸುವುದಕ್ಕೂ ಅದೇ, ವೈರ್ ಸುಲಿಯುವುದಕ್ಕೂ ಅದೇ. ಅದು ಮೊಂಡಾಗಿದೆ ಎಂದು ಗೊತ್ತಾಗುವುದು ಸಾಮಾನ್ಯವಾಗಿ ಕೈ ಜಾರಿದ ಮೇಲೆಯೇ.

ನನ್ನ ಲೆಕ್ಕಾಚಾರವನ್ನು ಮೊದಲೇ ಹೇಳಿಬಿಡುತ್ತೇನೆ. ಮುರಿಯುವ ಬ್ಲೇಡನ್ನು ಕಲ್ಲಿಗೆ ಹಿಡಿಯುವುದು ದಂಡ, ಆದರೆ ಚರ್ಮದ ಪಟ್ಟಿಗೆ ಹತ್ತು ಸೆಕೆಂಡ್ ಉಜ್ಜುವುದು ದಂಡವಲ್ಲ. ಎರಡು ತುದಿಯ ದಪ್ಪ ಬ್ಲೇಡನ್ನು ಮೂರ್ನಾಲ್ಕು ಸಲ ಮಸೆಯಬಹುದು. ಕೊಕ್ಕೆ ಬ್ಲೇಡನ್ನು ಮಸೆಯದೆ ಎಸೆದರೆ ಕಾಸು ಕಳೆದ ಹಾಗೆ. ಇದೆಲ್ಲಕ್ಕೂ ಮೊದಲು ಬ್ಲೇಡು ನಿಜವಾಗಿಯೂ ಮೊಂಡಾಗಿದೆಯೇ ಎಂದು ನೋಡಬೇಕು. ಎಷ್ಟೋ ಸಲ ಆಗಿರುವುದೇ ಇಲ್ಲ.

ಕೈಯಲ್ಲಿರುವುದು ಯಾವ ಬ್ಲೇಡು?

ಸ್ಟೇಷನರಿ ಅಂಗಡಿಯಲ್ಲಿ "ಪೇಪರ್ ಕಟರ್" ಎಂದು ಕೇಳಿದರೆ ಕೊಡುವುದು ಮುರಿಯುವ ಬ್ಲೇಡಿನದು. ಬ್ಲೇಡಿನ ಮೈಮೇಲೆ ಓರೆಯಾಗಿ ಗೀರುಗಳಿರುತ್ತವೆ. ತುದಿ ಮೊಂಡಾದಾಗ ಒಂದು ಗೀರಿಗೆ ಮುರಿದರೆ ಹೊಸ ತುದಿ ಸಿಗುತ್ತದೆ. ಇದನ್ನು 1956ರಲ್ಲಿ ರೂಪಿಸಿದವರು ಜಪಾನಿನ ಒಸಾಕದ ಯೋಶಿಯೊ ಒಕಾಡ. ಮುದ್ರಣದ ಕೆಲಸದಲ್ಲಿದ್ದ ಅವರು ಕಾಗದ ಕತ್ತರಿಸಲು ಬಳಸುವ ರೇಜರ್ ಬ್ಲೇಡುಗಳು ತುದಿಯಷ್ಟೇ ಮೊಂಡಾಗಿ ಪೂರ್ತಿ ಕಸಕ್ಕೆ ಹೋಗುವುದನ್ನು ನೋಡಿದ್ದರು. ಚಪ್ಪಲಿ ಹೊಲಿಯುವವರು ಗಾಜಿನ ಚೂರನ್ನು ಒಡೆದು ಹೊಸ ಅಂಚು ಪಡೆಯುವುದು, ಚಾಕೊಲೇಟ್ ಪಟ್ಟಿಯನ್ನು ಗೆರೆಗೆ ಸರಿಯಾಗಿ ಮುರಿಯುವುದು, ಇವೆರಡನ್ನೂ ಸೇರಿಸಿ ಯೋಚಿಸಿದಾಗ ಹುಟ್ಟಿದ್ದು ಈ ಬ್ಲೇಡು. ಮುಂದೆ ಓಲ್ಫಾ ಕಂಪನಿ ಆದದ್ದು ಇದರಿಂದಲೇ. ಅವರು ಆರಿಸಿದ ಅಗಲಗಳನ್ನೇ ಉಳಿದವರೂ ಹಿಡಿದುಕೊಂಡರು. ಹಾಗಾಗಿಯೇ ಇವತ್ತು ಯಾವ ಕಂಪನಿಯ 18 ಮಿಮೀ ಬ್ಲೇಡನ್ನಾದರೂ ಇನ್ನೊಂದು ಕಂಪನಿಯ 18 ಮಿಮೀ ಕಟರಿಗೆ ಹಾಕಬಹುದು.

ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಎರಡು ಅಳತೆ. 9 ಮಿಮೀ ಸಪೂರದ್ದು, ದಪ್ಪ ಸುಮಾರು 0.4 ಮಿಮೀ. 18 ಮಿಮೀ ಅಗಲದ್ದು, ದಪ್ಪ ಸುಮಾರು 0.5 ಮಿಮೀ. ಜಿಪ್ಸಮ್ ಬೋರ್ಡ್, ಕಾರ್ಪೆಟ್ ಕೆಲಸದವರ ಹತ್ತಿರ 25 ಮಿಮೀ ಇರುತ್ತದೆ, ಅದು 0.7 ಮಿಮೀ ದಪ್ಪ. 18ರ ಬ್ಲೇಡಿನಲ್ಲಿ ಸಾಮಾನ್ಯವಾಗಿ 8 ತುಂಡುಗಳಿರುತ್ತವೆ, 9ರದ್ದರಲ್ಲಿ 13.

ಎರಡನೆಯ ಜಾತಿ ಸ್ಟ್ಯಾನ್ಲಿ ಚಾಕುವಿನದು. ಲೋಹದ ಹಿಡಿ, ಅದರೊಳಗೆ ಸುಮಾರು 60 ಮಿಮೀ ಉದ್ದದ, 0.6 ಮಿಮೀ ದಪ್ಪದ, ಎರಡೂ ತುದಿ ಓರೆಯಾಗಿರುವ ಬ್ಲೇಡು. ಇದನ್ನು ಮುರಿಯುವುದಿಲ್ಲ, ಒಂದು ತುದಿ ಸವೆದರೆ ತಿರುಗಿಸಿ ಹಾಕುತ್ತಾರೆ. ಇದೇ ಹಿಡಿಗೆ ಕೂರುವ ಕೊಕ್ಕೆ ಬ್ಲೇಡು ಮೂರನೆಯದು. ಕಾರ್ಪೆಟ್, ವಿನೈಲ್ ನೆಲಹಾಸನ್ನು ತನ್ನ ಕಡೆ ಎಳೆದು ಸೀಳಲು ಅದನ್ನು ಬಳಸುತ್ತಾರೆ.

ಇವೆಲ್ಲ ಹೆಚ್ಚು ಇಂಗಾಲವಿರುವ ಗಟ್ಟಿ ಉಕ್ಕು. ಗಟ್ಟಿಯಾಗಿರುವುದರಿಂದಲೇ ಹರಿತ ನಿಲ್ಲುತ್ತದೆ, ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ, ಸ್ಟೇನ್‌ಲೆಸ್ ಅಲ್ಲದ್ದರಿಂದ ತುಕ್ಕೂ ಹಿಡಿಯುತ್ತದೆ. ಹೊಂಬಣ್ಣದ ಲೇಪವಿರುವ ಬ್ಲೇಡುಗಳೂ ಸಿಗುತ್ತವೆ. ಮಸೆದರೆ ಬಾಯಿಯ, ಅಂದರೆ ಕತ್ತರಿಸುವ ಅಂಚಿನ, ಮೇಲಿನ ಲೇಪ ಹೋಗುತ್ತದೆ, ಆಮೇಲೆ ಅದು ಮಾಮೂಲಿ ಬ್ಲೇಡೇ. ಕಾರ್ಬೈಡ್ ಅಥವಾ ಸೆರಾಮಿಕ್ ಎಂದು ಬರೆದಿದ್ದರೆ ಸಾಮಾನ್ಯ ಸಾಣೆಕಲ್ಲು ಸಾಲದು, ಡೈಮಂಡ್ ಪ್ಲೇಟ್ ಬೇಕು. ಅವನ್ನು ಮನೆಯಲ್ಲಿ ಮಸೆಯಲು ಹೋಗಬೇಡಿ.

ಮೊದಲು ಒರೆಸಿ, ಆಮೇಲೆ ನೋಡಿ

ಪಾರ್ಸೆಲ್ ಪೆಟ್ಟಿಗೆಗಳನ್ನು ಬಿಚ್ಚುವ ಕಟರ್ ಆದರೆ, ಬ್ಲೇಡಿನ ಎರಡೂ ಬದಿಗೆ ಟೇಪಿನ ಗೋಂದು ತೆಳ್ಳಗೆ ಮೆತ್ತಿಕೊಂಡಿರುತ್ತದೆ. ಅದರ ಮೇಲೆ ರಟ್ಟಿನ ಧೂಳು ಕೂತಿರುತ್ತದೆ. ಹೀಗಾದಾಗ ಬ್ಲೇಡು ಹಿಡಿದು ಹಿಡಿದು ಹೋಗುತ್ತದೆ, ಕಾಗದ ಜಗ್ಗುತ್ತದೆ, ನಮಗೆ ಮೊಂಡಾಗಿದೆ ಅನ್ನಿಸುತ್ತದೆ. ಹಳೆ ಬಟ್ಟೆಗೆ ಒಂದೆರಡು ಹನಿ ಸೀಮೆಎಣ್ಣೆಯನ್ನೋ ಥಿನ್ನರನ್ನೋ ಹಾಕಿ ಬೆನ್ನಿನ (ಹರಿತವಿಲ್ಲದ ಅಂಚಿನ) ಕಡೆಯಿಂದ ಬಾಯಿಯ ಕಡೆಗೆ ಒರೆಸಿ. ಬಾಯಿಯ ಉದ್ದಕ್ಕೆ ಒರೆಸಿದರೆ ಬಟ್ಟೆಯೊಡನೆ ಬೆರಳೂ ಸೀಳುತ್ತದೆ. ಎರಡೂ ಇಲ್ಲದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟರೂ ಗೋಂದು ಸಡಿಲುತ್ತದೆ. ಥಿನ್ನರ್ ಬಳಸುವಾಗ ಹತ್ತಿರ ಒಲೆ, ದೀಪ ಇರಬಾರದು.

ಒರೆಸಿದ ಮೇಲೆ ಮೂರು ಪರೀಕ್ಷೆ ಮಾಡಿ.

1. ಬೆಳಕಿನ ಪರೀಕ್ಷೆ. ಬ್ಲೇಡಿನ ಬಾಯಿಯನ್ನು ಮೇಲೆ ಮಾಡಿ ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ, ನಿಧಾನವಾಗಿ ಆಚೀಚೆ ಹೊರಳಿಸಿ. ಹರಿತವಾದ ಬಾಯಿ ಕಾಣುವುದೇ ಇಲ್ಲ, ಬೆಳಕು ಪ್ರತಿಫಲಿಸಲು ಅಲ್ಲಿ ಅಗಲವೇ ಇರುವುದಿಲ್ಲ. ಬಿಳಿಗೆರೆ ಹೊಳೆದರೆ ಅಷ್ಟು ಭಾಗ ಮೊಂಡಾಗಿದೆ ಎಂದರ್ಥ. ಸಾಸಿವೆಯಂಥ ಚುಕ್ಕಿಗಳು ಮಿನುಗಿದರೆ ಅಲ್ಲಲ್ಲಿ ಮುಕ್ಕಾಗಿದೆ.

2. ಹತ್ತಿಯ ಪರೀಕ್ಷೆ. ಕಿವಿ ಒರೆಸುವ ಹತ್ತಿಕಡ್ಡಿಯನ್ನು ಬಾಯಿಯ ಮೇಲೆ ಹಗುರವಾಗಿ ಸವರಿ. ಎಳೆ ಸಿಕ್ಕಿಕೊಂಡ ಜಾಗದಲ್ಲಿ ಮುಕ್ಕು ಇದೆ ಅಥವಾ ಬಾಯಿ ಮಡಚಿದೆ.

3. ಕಾಗದದ ಪರೀಕ್ಷೆ. ದಿನಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು, ಮೇಲಿನ ಅಂಚಿನಿಂದ ಕೆಳಕ್ಕೆ ಕೊಯ್ಯಿರಿ. ಸದ್ದಿಲ್ಲದೆ ಇಳಿದರೆ ಸರಿ. ಪರಪರ ಹರಿದರೆ ಇಲ್ಲ. ತುದಿಯಲ್ಲಿ ಹರಿದು, ಸ್ವಲ್ಪ ಹಿಂದಿನಿಂದ ಚೆನ್ನಾಗಿ ಕೊಯ್ದರೆ, ಸವೆದಿರುವುದು ತುದಿಯ ಎರಡು ಮೂರು ಮಿಲಿಮೀಟರ್ ಮಾತ್ರ.

ಈ ಕೊನೆಯದೇ ಹೆಚ್ಚು. ಸಮತಟ್ಟಾದ ಮೇಲ್ಮೈ ಮೇಲೆ ಹಾಳೆ ಇಟ್ಟು ಕತ್ತರಿಸುವಾಗ ಕೆಲಸ ಮಾಡುವುದು ಬ್ಲೇಡಿನ ಮೂಲೆ ಒಂದೇ. ಉಳಿದ ಬಾಯಿ ಹೊಸದರಂತೆಯೇ ಇರುತ್ತದೆ. ಕೆಳಗಿನ ತೀರ್ಮಾನಗಳೆಲ್ಲ ನಿಂತಿರುವುದು ಈ ಒಂದು ವಿಷಯದ ಮೇಲೆ.

ಬಾಯಿ ಹೋಗುವುದು ಹೇಗೆ?

ಮೂರು ಬಗೆ. ಒಂದು, ಬಾಯಿ ಮಡಚಿಕೊಳ್ಳುವುದು. ಕಣ್ಣಿಗೆ ಕಾಣದಷ್ಟು ತೆಳುವಾದ ಅಂಚು ಒಂದು ಬದಿಗೆ ವಾಲುತ್ತದೆ. ಉಕ್ಕು ಎಲ್ಲೂ ಹೋಗಿರುವುದಿಲ್ಲ, ನೇರ ಮಾಡಿದರೆ ಸಾಕು. ಚರ್ಮದ ಪಟ್ಟಿ ಕೆಲಸಕ್ಕೆ ಬರುವುದು ಇಲ್ಲಿ.

ಎರಡು, ಸವೆತ. ರಟ್ಟು ನೋಡಲು ಮೆತ್ತಗಿದ್ದರೂ ಅದರಲ್ಲಿ ಖನಿಜದ ಪುಡಿ, ಮಣ್ಣಿನ ಕಣ ಇರುತ್ತವೆ, ಹಳೆ ಕಾಗದದಿಂದ ಮಾಡಿದ ರಟ್ಟಿನಲ್ಲಂತೂ ಇನ್ನೂ ಹೆಚ್ಚು. ರೆಕ್ಸಿನ್, ವಿನೈಲ್‌ಗಳಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿರುತ್ತಾರೆ. ಜಿಪ್ಸಮ್ ಬೋರ್ಡಿನ ಬಗ್ಗೆ ಹೇಳುವುದೇ ಬೇಡ. ಫಾಲ್ಸ್ ಸೀಲಿಂಗ್ ಕೆಲಸದವರು ಬ್ಲೇಡನ್ನು ಕಡಲೆಕಾಯಿಯ ಹಾಗೆ ಮುರಿಯುತ್ತ ಹೋಗುವುದು ಸೋಮಾರಿತನದಿಂದಲ್ಲ. ಸವೆತಕ್ಕೆ ಪಟ್ಟಿ ಸಾಲದು, ಕಲ್ಲೇ ಬೇಕು.

ಮೂರು, ಮುಕ್ಕು. ಸ್ಟೇಪಲ್ ಪಿನ್ನಿಗೆ ತಗುಲಿದರೆ, ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟು ಕತ್ತರಿಸಿದರೆ, ಡಬ್ಬದ ಮುಚ್ಚಳ ಎಬ್ಬಿಸಿದರೆ ಆಗುವುದು ಇದು. ಕಣ್ಣಿಗೆ ಕಾಣುವ ಮುಕ್ಕನ್ನು ಮಸೆದು ತೆಗೆಯುವುದೆಂದರೆ, ಆ ಮುಕ್ಕು ಎಷ್ಟು ಆಳವೋ ಅಷ್ಟು ಉಕ್ಕನ್ನು ಬಾಯಿಯ ಉದ್ದಕ್ಕೂ ತೆಗೆಯುವುದು. ಅರ್ಧ ಮಿಲಿಮೀಟರ್ ದಪ್ಪದ ಬ್ಲೇಡಿಗೆ ಆ ಸೇವೆ ಬೇಡ, ಬದಲಿಸಿ.

ದುಡ್ಡಿನ ಲೆಕ್ಕ

ನಿಮ್ಮೂರಿನ ಬೆಲೆ ಹಾಕಿ ನೋಡಿಕೊಳ್ಳಿ, ನಾನು ಒಂದು ಉದಾಹರಣೆ ಹಿಡಿಯುತ್ತೇನೆ. ಒಂದು 18 ಮಿಮೀ ಬ್ಲೇಡಿಗೆ 8 ರೂಪಾಯಿ, ಅದರಲ್ಲಿ 8 ತುಂಡು ಅಂದರೆ ಒಂದು ತುದಿಗೆ 1 ರೂಪಾಯಿ. ಅಂಗಡಿಯ ಹುಡುಗನಿಗೆ ದಿನಕ್ಕೆ 8 ಗಂಟೆಗೆ 800 ರೂಪಾಯಿ ಕೂಲಿ ಎಂದುಕೊಂಡರೆ ನಿಮಿಷಕ್ಕೆ 1 ರೂಪಾಯಿ 67 ಪೈಸೆ. ಅವನು ಕಲ್ಲು ನೆನೆಸಿ, ಮಸೆದು, ಒರೆಸಿ, ಪರೀಕ್ಷಿಸಲು ಐದು ನಿಮಿಷ ತೆಗೆದುಕೊಂಡರೆ 8 ರೂಪಾಯಿ ಚಿಲ್ಲರೆ. ಅಂದರೆ ಇಡೀ ಹೊಸ ಬ್ಲೇಡಿನ ಬೆಲೆಯನ್ನು ಒಂದು ತುದಿಗೆ ಸುರಿದಂತೆ. ಅದೇ ಹುಡುಗ ಚರ್ಮದ ಪಟ್ಟಿಯ ಮೇಲೆ ಹತ್ತು ಸೆಕೆಂಡ್ ಎಳೆದರೆ 28 ಪೈಸೆ. ಫ್ಲೆಕ್ಸ್ ಅಂಗಡಿಯವರ ಮಾತು ಸರಿ ಎಂದದ್ದು ಇದಕ್ಕೇ. ಪಟ್ಟಿಯನ್ನು ಅವರೂ ಇಟ್ಟುಕೊಳ್ಳಬಹುದಿತ್ತು ಎನ್ನುವುದು ನನ್ನ ಅಭಿಪ್ರಾಯ.

ಮನೆಯಲ್ಲಿ ನಮ್ಮ ಸಮಯಕ್ಕೆ ಕೂಲಿ ಇಲ್ಲ ನಿಜ. ಆದರೂ ಮುರಿಯುವ ಬ್ಲೇಡನ್ನು ಕಲ್ಲಿಗೆ ಒತ್ತುವುದು ಬೇಡ ಅನ್ನಲು ಇನ್ನೊಂದು ಕಾರಣವಿದೆ. ಒತ್ತಡ ಬಿದ್ದರೆ ಗೀರಿನ ಜಾಗದಲ್ಲಿ ಮುರಿಯಲೆಂದೇ ಅದನ್ನು ಮಾಡಿರುವುದು. ಕಲ್ಲಿನ ಮೇಲೆ ಬೆರಳಿಂದ ಒತ್ತಿ ಎಳೆಯುವಾಗ ತುಂಡಾದರೆ, ಆ ತುಂಡಿನ ಮೇಲೆಯೇ ನಿಮ್ಮ ಬೆರಳು ಇರುತ್ತದೆ.

ಚರ್ಮದ ಪಟ್ಟಿ: ಹತ್ತು ಸೆಕೆಂಡಿನ ಕೆಲಸ

ಹಳೇ ಕಾಲದ ಕ್ಷೌರದಂಗಡಿಯಲ್ಲಿ ಕುರ್ಚಿಗೆ ತೂಗುಹಾಕಿರುತ್ತಿದ್ದ ಪಟ್ಟಿಯ ಕೆಲಸವೇ ಇದು. ತೂಗುಹಾಕುವ ಬದಲು ಮರಕ್ಕೆ ಅಂಟಿಸಿಕೊಳ್ಳಿ, ಅದೇ ಸುಲಭ.

1. ಹರಿದ ನಿಜವಾದ ಚರ್ಮದ ಬೆಲ್ಟಿನಿಂದ ಒಂದು ಗೇಣು ಕತ್ತರಿಸಿ. ರೆಕ್ಸಿನ್ ಬೆಲ್ಟ್ ಆಗದು. ಒಳಮೈ ಮೇಲೆ ಬರುವಂತೆ ಸಮನಾದ ಮರದ ಪಟ್ಟಿಗೆ ಫೆವಿಕಾಲ್‌ನಿಂದ ಅಂಟಿಸಿ, ಮೇಲೆ ಭಾರ ಇಟ್ಟು ಒಂದು ರಾತ್ರಿ ಬಿಡಿ.

2. ಹಾರ್ಡ್‌ವೇರ್ ಅಂಗಡಿಯಲ್ಲಿ ಲೋಹಕ್ಕೆ ಪಾಲಿಶ್ ಹಾಕುವ ಹಸಿರು ಬಾರ್ ಸಿಗುತ್ತದೆ. ಅದರ ಕೆಲಸದ ಪುಡಿ ಕ್ರೋಮಿಯಂ ಆಕ್ಸೈಡ್. ಮಕ್ಕಳು ಮೇಣದ ಬಣ್ಣ ತೀಡುವ ಹಾಗೆ ಚರ್ಮದ ಮೇಲೆ ತೆಳ್ಳಗೆ ತೀಡಿ. ಗಟ್ಟಿಯಾಗಿದ್ದರೆ ಚರ್ಮವನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಬಾರ್ ಸಿಗದಿದ್ದರೆ ಬರೀ ಚರ್ಮವೂ ಆದೀತು, ಪರಿಣಾಮ ಕಡಿಮೆ.

3. ಬ್ಲೇಡನ್ನು ಕಟರಿನಲ್ಲೇ ಇರಿಸಿ, ಒಂದೂವರೆ ತುಂಡಿನಷ್ಟು ಹೊರಗೆ ಎಳೆದು ಲಾಕ್ ಮಾಡಿ. ಲಾಕ್ ಸಡಿಲವಿದ್ದರೆ ಈ ಕೆಲಸಕ್ಕೆ ಬೇರೆ ಕಟರ್ ತೆಗೆದುಕೊಳ್ಳಿ.

4. ಬ್ಲೇಡಿನ ಮೈಯನ್ನು ಚರ್ಮಕ್ಕೆ ತಾಗಿಸಿ, 18 ಮಿಮೀ ಬ್ಲೇಡಾದರೆ ಬೆನ್ನನ್ನು ಸುಮಾರು 5 ಮಿಮೀ ಎತ್ತಿ, 9ರದ್ದಾದರೆ ಅದರ ಅರ್ಧ. ಬೆನ್ನು ಮುಂದೆ, ಬಾಯಿ ಹಿಂದೆ ಬರುವಂತೆ ಎಳೆಯಿರಿ. ಬಾಯಿ ಮುಂದಾಗಿ ತಳ್ಳಿದರೆ ಚರ್ಮ ಕೊಯ್ದು ಹೋಗುತ್ತದೆ.

5. ಬದಿಗೆ ಐದೈದು ಎಳೆತ. ಒತ್ತಬೇಡಿ, ಕಟರಿನ ತೂಕವೇ ಸಾಕು. ಒತ್ತಿದರೆ ಚರ್ಮ ತಗ್ಗಿ ಬಾಯಿಯ ಸುತ್ತ ಮೇಲೇಳುತ್ತದೆ, ಹರಿತವಾಗುವ ಬದಲು ಬಾಯಿ ದುಂಡಗಾಗುತ್ತದೆ. ಎಳೆತ ಮುಗಿಯುವಾಗ ಮಣಿಕಟ್ಟು ತಿರುಗಿಸದೆ ನೇರವಾಗಿ ಎತ್ತಿ.

ಕಾಗದ, ಫೋಟೊ ಲ್ಯಾಮಿನೇಷನ್, ಪುಸ್ತಕದ ರಟ್ಟು ಇಂಥ ಕೆಲಸದವರು ಮೊಂಡಾಗುವ ತನಕ ಕಾಯದೆ ಆಗಾಗ ಹೀಗೆ ಎಳೆದುಕೊಂಡರೆ ಒಂದು ತುದಿ ಕಣ್ಣಿಗೆ ಕಾಣುವಷ್ಟು ಹೆಚ್ಚು ಬರುತ್ತದೆ. ಜಿಪ್ಸಮ್ ಕತ್ತರಿಸುವವರಿಗೆ ಇದರಿಂದ ಏನೂ ಲಾಭವಿಲ್ಲ.

ದಪ್ಪ ಬ್ಲೇಡನ್ನು ಮಸೆಯುವ ಕ್ರಮ

ಸ್ಟ್ಯಾನ್ಲಿ ಚಾಕುವಿನ ಬ್ಲೇಡಿಗೆ ಗೀರುಗಳಿಲ್ಲ, ದಪ್ಪವೂ ಹೆಚ್ಚು. ಮುಕ್ಕಿಲ್ಲದಿದ್ದರೆ ಮಸೆಯಬಹುದು. ಆದರೆ ಬಾಯಿಯ ಕಡೆಗೆ ತೆಳ್ಳಗಾಗುತ್ತ ಹೋಗುವ ಕಾರ್ಖಾನೆಯ ಇಳಿಜಾರನ್ನು ಪೂರ್ತಿ ಮಸೆಯುವ ಹಟ ಬೇಡ. ಆ ಇಳಿಜಾರಿನ ತುತ್ತತುದಿಯಲ್ಲಿ ಸ್ವಲ್ಪ ಹೆಚ್ಚು ಕೋನದ ಕೂದಲಗಲದ ಇನ್ನೊಂದು ಇಳಿಜಾರು ಮಾಡಿದರೆ ಸಾಕು. ಎಳೆತ ಕಡಿಮೆ, ಬಾಯಿಗೆ ಬಲವೂ ಹೆಚ್ಚು, ರಟ್ಟಿಗೆ ಚೆನ್ನಾಗಿ ತಾಳುತ್ತದೆ.

ಬೇಕಾದದ್ದು: 1000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನಯವಾದ ಉಪ್ಪುಕಾಗದ), ಸಾಧ್ಯವಾದರೆ 2000ದ್ದೂ ಒಂದು. ಪೇಂಟಿನ ಅಂಗಡಿಯಲ್ಲಿ, ಕಾರ್ ಪೇಂಟಿಂಗ್ ಸಾಮಾನಿನ ಜೊತೆ ಸಿಗುತ್ತದೆ. ದಪ್ಪ ಗಾಜಿನ ತುಂಡು ಅಥವಾ ನಯವಾದ ಟೈಲ್. ಕಪ್ಪು ಮಾರ್ಕರ್. ಒಂದು ಪೆನ್ಸಿಲ್. ಬ್ಲೇಡ್ ಹಿಡಿಯಲು ಗಟ್ಟಿಯಾದ ಅಯಸ್ಕಾಂತ ಅಥವಾ ಆ ಚಾಕುವಿನದೇ ಹಿಡಿ. ಮನೆಯಲ್ಲಿ ನಯವಾದ ಸಾಣೆಕಲ್ಲು ಇದ್ದರೆ ಇನ್ನೂ ಒಳ್ಳೆಯದು. ಕುಡುಗೋಲು ಮಸೆಯುವ ಒರಟು ಕಲ್ಲು ಬೇಡ.

ಕೋನದ ಲೆಕ್ಕ ಸರಳ. ಬ್ಲೇಡಿನ ಅಗಲ ಸುಮಾರು 19 ಮಿಮೀ. ಬೆನ್ನನ್ನು 5 ಮಿಮೀ ಎತ್ತಿದರೆ ಬದಿಗೆ ಸುಮಾರು 15 ಡಿಗ್ರಿ, ಹೆಚ್ಚುಕಡಿಮೆ ಕಾರ್ಖಾನೆಯ ಕೋನವೇ. 7 ಮಿಮೀ ಎತ್ತಿದರೆ ಸುಮಾರು 22 ಡಿಗ್ರಿ. ನಮಗೆ ಬೇಕಾದ್ದು ಎರಡನೆಯದು. ಸಾಮಾನ್ಯ ಪೆನ್ಸಿಲ್ಲಿನ ದಪ್ಪವೂ ಸುಮಾರು 7 ಮಿಮೀ. ಅದನ್ನು ಪಕ್ಕದಲ್ಲಿ ಮಲಗಿಸಿಟ್ಟರೆ ಬೆನ್ನನ್ನು ಎಷ್ಟು ಎತ್ತಬೇಕು ಎನ್ನುವುದು ಕಣ್ಣೆದುರೇ ಇರುತ್ತದೆ.

1. ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಗಾಜಿನ ಮೇಲೆ ಹರಡಿ, ಅಂಟಿಕೊಳ್ಳುತ್ತದೆ. ಗಾಜಿನ ಕೆಳಗೆ ಒದ್ದೆ ಬಟ್ಟೆ ಹಾಕಿ, ಜಾರಬಾರದು.

2. ಬ್ಲೇಡಿನ ಇಳಿಜಾರಿಗೆ ಎರಡೂ ಬದಿ ಮಾರ್ಕರ್ ಬಳಿಯಿರಿ.

3. ಬೆನ್ನನ್ನು ಪೆನ್ಸಿಲ್ಲಿನ ಎತ್ತರಕ್ಕೆ ಎತ್ತಿ, ಬೆನ್ನು ಮುಂದಾಗಿ ಒಂದೇ ಒಂದು ಸಲ ಎಳೆದು ನಿಲ್ಲಿಸಿ. ಬ್ಲೇಡು ಎತ್ತಿ ನೋಡಿ. ಬಾಯಿಯ ತುದಿಯಲ್ಲಿ ಮಾತ್ರ ಮಸಿ ಅಳಿಸಿ, ಅದರ ಹಿಂದೆ ಉಳಿದಿದ್ದರೆ ಕೋನ ಸರಿ. ಹಿಂದೆ ಅಳಿಸಿ ತುದಿಯಲ್ಲಿ ಉಳಿದಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು. ಇದೊಂದು ಗುರುತು ಕೋನ ಅಳೆಯುವ ಯಾವ ಸಾಧನಕ್ಕಿಂತಲೂ ನಂಬಿಕಸ್ತ.

4. ಕೋನ ಸಿಕ್ಕಿದ ಮೇಲೆ ಒಂದು ಬದಿಗೆ ನಾಲ್ಕೈದು ಎಳೆತ. ಬೆರಳಿನ ಭಾರ ಸಾಕು. ಪ್ರತಿ ಸಲವೂ ಬ್ಲೇಡಿನ ಉದ್ದ ಪೂರ್ತಿ ಕಾಗದಕ್ಕೆ ತಾಗಲಿ. ನಡುವಿನಲ್ಲೇ ಹೆಚ್ಚು ಉಜ್ಜಿದರೆ ಬಾಯಿ ಬಿಲ್ಲಿನಂತೆ ಒಳಕ್ಕೆ ಬಾಗುತ್ತದೆ.

5. ಈಗ ಆಚೆ ಬದಿಯನ್ನು ಹೆಬ್ಬೆರಳಿನಿಂದ ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಸವರಿ. ಉದ್ದಕ್ಕೆ ಅಲ್ಲ, ಅಡ್ಡಕ್ಕೆ, ಬಾಯಿಯಿಂದ ಹೊರಗೆ. ನವಿರಾದ ಸಿಬಿರು, ಅಂದರೆ ಮಸೆದಾಗ ಬಾಯಿಯಾಚೆಗೆ ಚಾಚುವ ಉಕ್ಕಿನ ತೆಳು ಎಳೆ, ಎದ್ದಿರುವುದು ಚರ್ಮಕ್ಕೆ ತಿಳಿಯುತ್ತದೆ. ತಿಳಿಯದಿದ್ದರೆ ಇನ್ನೆರಡು ಎಳೆತ. ಸಿಬಿರು ಎದ್ದಿದೆ ಅಂದರೆ ಈ ಬದಿಯಲ್ಲಿ ಬಾಯಿಯ ತನಕ ಮಸೆತ ತಲುಪಿದೆ ಎಂದು ಅರ್ಥ. ಸಿಬಿರು ಬರುವ ಮೊದಲೇ ಬದಿ ಬದಲಿಸುವುದರಿಂದಲೇ ಬಹಳ ಜನರ ಮಸೆತ ಕೆಡುವುದು.

6. ತಿರುಗಿಸಿ ಇನ್ನೊಂದು ಬದಿಗೂ ಅಷ್ಟೇ.

7. 2000 ನಂಬರಿನ ಮೇಲೆ ಬದಿಗೊಂದು ಬದಿಗೊಂದರಂತೆ, ಹೂವು ಸವರಿದಷ್ಟು ಹಗುರವಾಗಿ ನಾಲ್ಕಾರು ಎಳೆತ. ಸಿಬಿರು ಸಣ್ಣದಾಗುತ್ತದೆ.

8. ಚರ್ಮದ ಪಟ್ಟಿಯ ಮೇಲೆ ಬದಿಗೆ ಹತ್ತು. ಇಲ್ಲಿ ಸಿಬಿರು ಪೂರ್ತಿ ಹೋಗಬೇಕು. ಉಳಿದರೆ ಮೊದಲ ಕೊಯ್ತಕ್ಕೆ ಭಾರಿ ಹರಿತ, ಐದನೆಯದಕ್ಕೆ ಮೊಂಡು.

9. ಒರೆಸಿ, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ. ಕಾಗದ ಕತ್ತರಿಸುವ ಮೊದಲು ಆ ಎಣ್ಣೆಯನ್ನು ಒರೆಸಿಬಿಡಿ, ಕಲೆಯಾಗುತ್ತದೆ.

ಮೊದಲ ಸಲ ಹತ್ತು ನಿಮಿಷ ಹಿಡಿದೀತು, ರೂಢಿಯಾದ ಮೇಲೆ ಎರಡು. ಅಡುಗೆಮನೆಯ ಟೈಮರ್ ಇಟ್ಟುಕೊಂಡು ಮಸೆಯುವ ಅಗತ್ಯವೇನಿಲ್ಲ, ಸಿಬಿರೇ ಹೇಳುತ್ತದೆ. ಪ್ರತಿ ಸಲ ಮಸೆದಾಗಲೂ ಆ ಕಿರು ಇಳಿಜಾರು ಅಗಲವಾಗುತ್ತ ಹೋಗುತ್ತದೆ. ಬರಿಗಣ್ಣಿಗೆ ಅದು ಅರ್ಧ ಮಿಲಿಮೀಟರ್ ಪಟ್ಟಿಯಂತೆ ಕಾಣತೊಡಗಿತೋ, ಅಲ್ಲಿಗೆ ಆ ತುದಿಯ ಆಯುಸ್ಸು ಮುಗಿಯಿತು. ತಿರುಗಿಸಿ ಹಾಕಿ. ಯಾವ ತುದಿ ಮುಗಿದಿದೆ ಎಂದು ಮಾರ್ಕರಿನಿಂದ ಒಂದು ಗುರುತು ಮಾಡಿಡಿ, ಇಲ್ಲದಿದ್ದರೆ ಮೂರು ತಿಂಗಳ ನಂತರ ಅದೇ ಮೊಂಡು ತುದಿಯನ್ನು ಮತ್ತೆ ಮುಂದಕ್ಕೆ ಹಾಕಿಕೊಳ್ಳುತ್ತೀರಿ.

ಕೊಕ್ಕೆ ಬ್ಲೇಡು

ಇದು ಕತ್ತರಿಸುವುದು ಕೊಕ್ಕೆಯ ಒಳಬಾಗಿನಲ್ಲಿ. ನೇರ ಕಲ್ಲು ಅಲ್ಲಿಗೆ ಹೋಗುವುದಿಲ್ಲ. ದುಂಡು ಕಡ್ಡಿಗೆ, ಪೆನ್ಸಿಲ್ ಅಥವಾ ಡೋವೆಲ್ ಯಾವುದಾದರೂ ಸರಿ, 1000 ನಂಬರಿನ ಕಾಗದ ಸುತ್ತಿ, ಇಳಿಜಾರಿಗೆ ಸರಿಯಾಗಿ ಓರೆ ಹಿಡಿದು ಒಳಗಿನಿಂದ ಹೊರಕ್ಕೆ ಸವರಿ. ಬ್ಲೇಡನ್ನು ವೈಸ್‌ನಲ್ಲಿ ಹಿಡಿಸಿ, ಕಡ್ಡಿ ಮಾತ್ರ ಆಡಲಿ. ಕಾರ್ಪೆಟ್ ಕೆಲಸದವರಿಗೆ ಇದು ಚೆನ್ನಾಗಿ ಗೊತ್ತು. ಬಿಡಿ ಕೊಕ್ಕೆ ಬ್ಲೇಡು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಹಾಗಾಗಿ ಇದಕ್ಕೆ ಐದು ನಿಮಿಷ ಕೊಡುವುದು ನಷ್ಟವಲ್ಲ.

ಸಾಣೆಚಕ್ರಕ್ಕೆ ಕೊಡಬೇಡಿ

ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು "ಸಾಣೆ... ಸಾಣೆ" ಎಂದು ಬರುವವರಿಗೆ ಈಳಿಗೆ, ಕತ್ತರಿ, ಮಚ್ಚು ಕೊಡಿ. ಕಟರ್ ಬ್ಲೇಡು ಬೇಡ. ಬೆಂಚ್ ಗ್ರೈಂಡರಿಗೂ ಬೇಡ. ಈ ಉಕ್ಕಿಗೆ ಗಡಸುತನ ಬಂದಿರುವುದು ಕಾಯಿಸಿ ತಣಿಸಿ ಹದ ಮಾಡಿದ್ದರಿಂದ. ಚಕ್ರದ ಘರ್ಷಣೆಗೆ ಅರ್ಧ ಮಿಲಿಮೀಟರ್ ಉಕ್ಕು ಕಣ್ಣು ಮಿಟುಕಿಸುವಷ್ಟರಲ್ಲಿ ಕಾಯುತ್ತದೆ. ಬಾಯಿ ನೀಲಿಗೆ ತಿರುಗಿದರೆ ಅಲ್ಲಿ ಬಿಸಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗಿತ್ತು ಎಂದರ್ಥ. ಹದ ಇಳಿದ ಆ ಬಾಯಿ ಎಷ್ಟು ಮಸೆದರೂ ನಿಲ್ಲುವುದಿಲ್ಲ. ಚಪ್ಪಲಿ ಕೆಲಸದವರ ರಂಪಿಗೆ ದಪ್ಪ ಉಕ್ಕಿನದು, ದಿನವೂ ಮಸೆಯಲೆಂದೇ ಮಾಡಿದ್ದು. ಕಟರ್ ಬ್ಲೇಡನ್ನು ಬದಲಿಸಲೆಂದೇ ಮಾಡಿರುವುದು. ಹದಿನೈದು ವರ್ಷ ಮಸೆದು ಬಳಸುವ ಆಸೆ ಇದ್ದವರು ಒಂದು ಒಳ್ಳೆಯ ರಂಪಿಗೆ ಕೊಳ್ಳಲಿ.

ಯಾವ ಕೆಲಸಕ್ಕೆ ಹೊಸ ತುದಿಯೇ ಬೇಕು

ಗಾಜಿಗೆ ಅಂಟಿಸುವ ಫಿಲ್ಮ್, ವಾಲ್‌ಪೇಪರ್, ವಿನೈಲ್ ಸ್ಟಿಕ್ಕರ್, ಫೋಟೊ ಮೌಂಟ್ ಬೋರ್ಡ್, ಟ್ರೇಸಿಂಗ್ ಹಾಳೆ. ಇವಕ್ಕೆ ಮಸೆದ ಬ್ಲೇಡು ಹಾಕಬೇಡಿ. ಒಂದು ಸೂಕ್ಷ್ಮ ಸಿಬಿರು ಉಳಿದರೂ ಫಿಲ್ಮ್ ಜಗ್ಗಿ ಹರಿಯುತ್ತದೆ, ಹಾಳಾಗುವ ಸಾಮಾನಿನ ಬೆಲೆ ನೂರು ಬ್ಲೇಡಿನಷ್ಟು. ಒದ್ದೆ ವಾಲ್‌ಪೇಪರಿಗಂತೂ ಒಂದೆರಡು ಪಟ್ಟಿಗೆ ಒಂದು ತುದಿ ಮುರಿಯುವುದೇ ಕ್ರಮ.

ಮಾವು, ಗೇರು ಕಸಿ ಕಟ್ಟುವವರೂ ಈ ಸಾಲಿಗೇ. ಮೃದುಕಾಂಡ ಕಸಿಯಲ್ಲಿ ಸಯಾನ್ ಕಡ್ಡಿಯನ್ನು (ಎಳೆ ಗಿಡದ ಕಾಂಡಕ್ಕೆ ಕೂರಿಸುವ ಬೇಕಾದ ತಳಿಯ ಕಡ್ಡಿಯನ್ನು) ಬೆಣೆಯ ಆಕಾರಕ್ಕೆ ಕೊಯ್ದ ಮೈ ಒಂದೇ ಎಳೆತಕ್ಕೆ ನಯವಾಗಿ ಬರಬೇಕು. ಜಜ್ಜಿದ ಮೈಗೆ ಕಸಿ ಕೂಡುವುದು ಕಷ್ಟ. ಮೇಲಾಗಿ ಬ್ಲೇಡು ಶುದ್ಧವಾಗಿರಬೇಕು. ಹಿಂದಿನ ವಾರ ರೆಕ್ಸಿನ್ ಕತ್ತರಿಸಿ ಮಸೆದಿಟ್ಟ ಬ್ಲೇಡಿಗೆ ನರ್ಸರಿಯಲ್ಲಿ ಜಾಗವಿಲ್ಲ.

ಹಗ್ಗ, ಸಿಮೆಂಟ್ ಚೀಲ, ಪೆನ್ಸಿಲ್ ಜೀವುವುದು, ಪಾರ್ಸೆಲ್ ಟೇಪು, ಇವಕ್ಕೆ ಅರೆಮೊಂಡು ತುದಿಯೂ ನಡೆಯುತ್ತದೆ. ಎರಡು ಕಟರ್ ಇಟ್ಟುಕೊಳ್ಳಿ. ಒಂದಕ್ಕೆ ಕೆಂಪು ಟೇಪು ಸುತ್ತಿ "ಒರಟು ಕೆಲಸ" ಎಂದು ಬಿಡಿ. ಒಳ್ಳೆಯ ಕಟರಿನಲ್ಲಿ ಸವೆದ ಬ್ಲೇಡು ಈ ಕೆಂಪು ಕಟರಿಗೆ ವರ್ಗವಾಗಲಿ.

ಪೆಟ್ಟಿಗೆ ಬಿಚ್ಚಲು ಬ್ಲೇಡು 5 ಮಿಮೀ ಹೊರಗಿದ್ದರೆ ಸಾಕು. ಪೂರ್ತಿ ಎಳೆದುಕೊಂಡು ಕತ್ತರಿಸುವವರು ಒಳಗಿನ ಸೀರೆಯನ್ನೂ ಸೀಳುತ್ತಾರೆ.

ಮುರಿಯುವುದು, ಬದಲಿಸುವುದು

ತುದಿಯನ್ನು ಮೇಜಿನ ಅಂಚಿಗೆ ಒತ್ತಿ ಪಟ್ ಎಂದು ಮುರಿಯುವವರನ್ನು ನೋಡಿದ್ದೇನೆ. ತುಂಡು ಯಾವ ಕಡೆ ಹಾರುತ್ತದೆ ಎನ್ನುವುದು ದೇವರಿಗೇ ಗೊತ್ತು. ಕಟರಿನ ಹಿಂದಿನ ಮುಚ್ಚಳವನ್ನು ಕಿತ್ತು ನೋಡಿ, ಅದರಲ್ಲಿ ಒಂದು ಸೀಳು ಇರುತ್ತದೆ. ಅದು ಮುರಿಯಲೆಂದೇ ಕೊಟ್ಟದ್ದು. ಇಕ್ಕಳ ಇನ್ನೂ ಉತ್ತಮ.

ಒಂದೇ ಒಂದು ಗೀರು ಹಿಡಿಯ ಆಚೆಗೆ ಬರುವಷ್ಟು ಎಳೆದು ಲಾಕ್ ಮಾಡಿ. ಗೀರು ಕಾಣುವ ಮುಖ ಮೇಲಿರಲಿ. ಇಕ್ಕಳದಿಂದ ಮೊದಲ ತುಂಡನ್ನು ಪೂರ್ತಿ ಕಚ್ಚಿ ಹಿಡಿದು ಕೆಳಕ್ಕೆ ಬಗ್ಗಿಸಿ. ಗೀರು ಬಾಯಿ ಬಿಡುವ ದಿಕ್ಕಿಗೆ ಬಗ್ಗಿಸಿದರೆ ಸುಲಭವಾಗಿ, ನೇರವಾಗಿ ಮುರಿಯುತ್ತದೆ. ಮುಖ ಆಚೆ ತಿರುಗಿರಲಿ, ಕಣ್ಣಿಗೆ ಕನ್ನಡಕ ಇರಲಿ. ಹತ್ತಿರ ಮಕ್ಕಳಿದ್ದರೆ ಬೇರೆ ಕೋಣೆಗೆ ಕಳಿಸಿ.

ಮುರಿಯುವ ಬ್ಲೇಡು ಪೂರ್ತಿ ಮುಗಿದಾಗ, ಹಿಂದಿನಿಂದ ಜಾರಿಸಿ ಹೊರತೆಗೆದು ಹೊಸದನ್ನು ಅದೇ ದಿಕ್ಕಿನಲ್ಲಿ ಕೂರಿಸಿ, ಸ್ಲೈಡರಿನ ಮೊಳೆ ಬ್ಲೇಡಿನ ರಂಧ್ರಕ್ಕೆ ಬಿದ್ದಿದೆಯೇ ನೋಡಿ. ಸ್ಟ್ಯಾನ್ಲಿ ಹಿಡಿಯಲ್ಲಿ ಸ್ಕ್ರೂ ಬಿಚ್ಚಿದರೆ ಒಳಗೆ ಬ್ಲೇಡಿನ ಬೆನ್ನಿನ ಕಚ್ಚುಗಳಿಗೆ ಕೂರುವ ಹಲ್ಲು ಕಾಣುತ್ತದೆ. ಕಚ್ಚು ಹಲ್ಲಿಗೆ ಕೂರದೆ ಸ್ಕ್ರೂ ಬಿಗಿದರೆ ಮೊದಲ ಎಳೆತಕ್ಕೇ ಬ್ಲೇಡು ಆಡುತ್ತದೆ.

ಇರುವ ಹರಿತವನ್ನು ಉಳಿಸಿಕೊಳ್ಳುವುದು

ಮಸೆಯುವುದಕ್ಕಿಂತ ಇದೇ ಹೆಚ್ಚು ಲಾಭದ್ದು. ಗಾಜು, ಗ್ರಾನೈಟ್, ಟೈಲ್ ಮೇಲೆ ಹಾಳೆ ಇಟ್ಟು ಕತ್ತರಿಸಬೇಡಿ. ತುದಿ ಹಾಳೆ ದಾಟಿದ ಕೂಡಲೇ ಕಲ್ಲಿಗೆ ಉಜ್ಜುತ್ತದೆ, ಒಂದೇ ಮೀಟರಿನಲ್ಲಿ ಮುಗಿಯುತ್ತದೆ. ಹಸಿರು ಕಟಿಂಗ್ ಮ್ಯಾಟ್ ಒಳ್ಳೆಯದು, ಇಲ್ಲದಿದ್ದರೆ ದಪ್ಪ ರಟ್ಟು ಹಾಸಿಕೊಳ್ಳಿ. ಸ್ಟೀಲ್ ಸ್ಕೇಲಿಗೆ ಬ್ಲೇಡನ್ನು ವಾಲಿಸಿ ಎಳೆದರೆ ಬಾಯಿ ಸ್ಕೇಲಿಗೇ ಮಸೆದುಕೊಳ್ಳುತ್ತದೆ, ಮೈ ಮಾತ್ರ ತಾಗುವಂತೆ ನೆಟ್ಟಗೆ ಹಿಡಿಯಿರಿ. ದಪ್ಪ ರಟ್ಟನ್ನು ಒಂದೇ ಏಟಿಗೆ ಸೀಳುವ ಬದಲು ಹಗುರವಾಗಿ ಗೆರೆ ಎಳೆದು, ಅದೇ ಗೆರೆಯಲ್ಲಿ ಮತ್ತೆರಡು ಸಲ ಹೋಗಿ. ಪೆಟ್ಟಿಗೆಯ ಸ್ಟೇಪಲ್ ಪಿನ್ನುಗಳನ್ನು ಮೊದಲು ಕೀಳಿ.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬಿಡಿ ಬ್ಲೇಡುಗಳು ಪೊಟ್ಟಣದಲ್ಲೇ ತುಕ್ಕು ಹಿಡಿಯುತ್ತವೆ. ಕಾರ್ಖಾನೆಯ ಎಣ್ಣೆಕಾಗದವನ್ನು ಎಸೆಯಬೇಡಿ, ಅದರೊಳಗೇ ಇಟ್ಟು ಡಬ್ಬಿಯಲ್ಲಿ ಮುಚ್ಚಿಡಿ, ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಾಯಿಯ ಮೇಲೆ ತುಕ್ಕು ಕಂಡರೆ ಆ ತುದಿಯನ್ನು ಉಳಿಸುವ ಪ್ರಯತ್ನ ಬೇಡ, ಅಲ್ಲಿ ಗುಳಿ ಬಿದ್ದಿರುತ್ತದೆ. ಮೈಮೇಲೆ ಮಾತ್ರ ಇದ್ದರೆ ಒರೆಸಿ ಎಣ್ಣೆ ಹಚ್ಚಿ ಬಳಸಿ.

ಕೈ ಕೊಯ್ದುಕೊಂಡರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ರಕ್ತ ನಿಲ್ಲದಿದ್ದರೆ, ಬೆರಳು ಮಡಚಲು ಆಗದಿದ್ದರೆ, ಮರಗಟ್ಟಿದಂತಿದ್ದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿಕೊಂಡಿದ್ದೀರಿ ಎಂಬುದನ್ನೂ ಅಲ್ಲಿ ಹೇಳಿ.

ಮುರಿದ ತುಂಡುಗಳು

ಒಣಕಸದ ಚೀಲಕ್ಕೆ ಹಾಗೇ ಹಾಕಬೇಡಿ. ಅದನ್ನು ಕೈಯಿಂದ ಬೇರ್ಪಡಿಸುವವರು ಇದ್ದಾರೆ. ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೋ ತಗಡಿನ ಡಬ್ಬಿಯೋ ತೆಗೆದುಕೊಳ್ಳಿ. ಮುಚ್ಚಳದಲ್ಲಿ ಬ್ಲೇಡು ಹೋಗುವಷ್ಟು ಸೀಳು ಮಾಡಿ, ಮುಚ್ಚಳವನ್ನು ಟೇಪಿನಿಂದ ಬಿಗಿಯಿರಿ. ಮುರಿದ ತುಂಡು, ಮುಗಿದ ಬ್ಲೇಡು, ಶೇವಿಂಗ್ ಬ್ಲೇಡು ಎಲ್ಲವೂ ಅದರೊಳಕ್ಕೆ. ಮನೆಬಳಕೆಗೆ ಒಂದು ಡಬ್ಬಿ ವರ್ಷಗಟ್ಟಲೆ ಬರುತ್ತದೆ. ತುಂಬಿದಾಗ ಸೀಳಿಗೂ ಟೇಪು ಹಚ್ಚಿ, ಮೇಲೆ ದಪ್ಪ ಅಕ್ಷರದಲ್ಲಿ "ಬ್ಲೇಡ್" ಎಂದು ಬರೆದು, ಗುಜರಿಯವರ ಕೈಗೇ ಕೊಡಿ. ಒಳಗೆ ಏನಿದೆ ಎಂದು ಬಾಯಿಬಿಟ್ಟು ಹೇಳಿ, ಬರೆದದ್ದನ್ನು ಅವರು ಓದುತ್ತಾರೆಂದು ನಂಬಿ ಕೂರಬೇಡಿ.